ಕೇಳಲು ಬಂದವರ ಋಣ

ತಮ್ಮಾ,

ಬರುವ ತಿಂಗಳಿಂದ ನಿನಗೊಂದು ಸಭೆ ಒಪ್ಪಿಸುತ್ತಿದ್ದಾರೆಂದು ನಿನ್ನ ತಾಯಿ ಫೋನು ಮಾಡಿ ಹೇಳಿದರು. ಕೇಳಿ ಬಹಳ ಸಂತೋಷವಾಯಿತು. ಥಿಯಾಲಾಜಿಕಲ್ ಕಾಲೇಜಿನಲ್ಲಿ ನಿನಗೆ ಹೀಬ್ರೂ, ಗ್ರೀಕ್ ಕಲಿಸಿದ್ದಾರೆ, ಸಭಾಚರಿತ್ರೆ ಓದಿಸಿದ್ದಾರೆ, ದೀಕ್ಷಾಸ್ನಾನ ಕೊಡುವ, ಕರ್ತನ ಭೋಜನ ನಡೆಸುವ ಕ್ರಮವನ್ನೂ ಹೇಳಿಕೊಟ್ಟಿದ್ದಾರೆ. ಅವುಗಳ ಬಗ್ಗೆ ನಾನು ಹೊಸದಾಗಿ ಹೇಳುವಂಥದ್ದೇನಿಲ್ಲ. ಭಾನುವಾರದ ಪ್ರಸಂಗದ ಬಗ್ಗೆ ಮಾತ್ರ ನಾಲ್ಕು ಮಾತು ಹೇಳಬೇಕೆನಿಸಿದೆ. ಯಾಕೆಂದರೆ ಸಭೆಯ ಕೆಲಸಕ್ಕೆ ಕೈಹಚ್ಚಿದ ಮೇಲೆ ಎಲ್ಲಕ್ಕಿಂತ ಮೊದಲು ಸೊರಗುವುದು ಅದೇ.

ಹೇಗೆ ಸೊರಗುತ್ತದೆ ಕೇಳು. ಸೋಮವಾರ ಕಮಿಟಿಯವರು ಬರುತ್ತಾರೆ. ಮಂಗಳವಾರ ಶಾಲೆಯ ಲೆಕ್ಕ. ಬುಧವಾರ ಡಯಾಸಿಸ್ ಕಚೇರಿಯಿಂದ ಪತ್ರ, ಅದಕ್ಕೆ ಉತ್ತರ. ಗುರುವಾರ ಯಾರದೋ ಮನೆಯಲ್ಲಿ ಮಣ್ಣು, ಶುಕ್ರವಾರ ಕಂಪೌಂಡು ಗೋಡೆಯ ತಕರಾರು, ಶನಿವಾರ ಮದುವೆ. ರಾತ್ರಿ ಹತ್ತಕ್ಕೆ ಮನೆಗೆ ಬಂದು ಸತ್ಯವೇದ ತೆರೆದರೆ ಕಣ್ಣು ಎಳೆಯುತ್ತಿರುತ್ತದೆ. ಹೇಗಾದರೂ ಆದೀತು ಎಂದು ಮಲಗುತ್ತೀ. ಮರುದಿನ ಹೇಗೋ ಆಗಿಯೂ ಬಿಡುತ್ತದೆ, ಯಾರೂ ಏನೂ ಅನ್ನುವುದಿಲ್ಲ. ಅಪಾಯ ಇರುವುದೇ ಅಲ್ಲಿ. ಗೋಡೆ ಬಿದ್ದರೆ ನಾಲ್ಕು ಜನ ಕೂಗಾಡುತ್ತಾರೆ, ಲೆಕ್ಕ ತಪ್ಪಿದರೆ ಪತ್ರ ಬರುತ್ತದೆ. ಪ್ರಸಂಗ ಟೊಳ್ಳಾದರೆ ಜನ ಸುಮ್ಮನೆ ಎದ್ದು ಮನೆಗೆ ಹೋಗುತ್ತಾರೆ. ವರ್ಷಗಟ್ಟಲೆ ಹಾಗೇ ನಡೆದ ಸಭೆಯಲ್ಲಿ ನಂಬಿಕೆ ಒಳಗೊಳಗೇ ಬತ್ತಿಹೋಗುತ್ತದೆ. ಹಾಡು, ಹಬ್ಬ, ಚುನಾವಣೆ ಎಲ್ಲ ಜೋರಾಗಿಯೇ ನಡೆಯುತ್ತಿರುತ್ತವೆ, ಬಂದವರಿಗೆ ಯೇಸು ಯಾರು ಎಂದು ಹೇಳಲು ಮಾತ್ರ ಬಾರದಂತಾಗಿರುತ್ತದೆ.

ಪ್ರಸಂಗಕ್ಕೆ ಇಷ್ಟು ಬೆಲೆ ಏಕೆ ಎಂದು ನಿನ್ನ ವಯಸ್ಸಿನವರು ಕೇಳುತ್ತಾರೆ. ಒಳ್ಳೆಯ ಕೆಲಸ ಮಾಡಿದರೆ ಸಾಲದೇ, ಪ್ರಾರ್ಥನೆ ಸಾಲದೇ, ಹಾಡಿ ಸ್ತುತಿಸಿದರೆ ಸಾಲದೇ ಎನ್ನುತ್ತಾರೆ. ಇವೆಲ್ಲವೂ ಬೇಕು. ಆದರೆ ನಮ್ಮ ನಂಬಿಕೆಯ ನಡುಮಧ್ಯದಲ್ಲಿ ಇರುವುದು ನಡೆದುಹೋದ ಒಂದು ಸಂಗತಿ. ಪೊಂತ್ಯ ಪಿಲಾತನು ಅಧಿಪತಿಯಾಗಿದ್ದಾಗ ಯೆರೂಸಲೇಮಿನ ಊರಾಚೆ ಒಬ್ಬನನ್ನು ಶಿಲುಬೆಗೆ ಹಾಕಿದರು. ಮೂರನೆಯ ದಿನ ಅವನ ಸಮಾಧಿ ಬರಿದಾಗಿತ್ತು. ಇದು ಕಣ್ಣುಮುಚ್ಚಿ ಧ್ಯಾನಕ್ಕೆ ಕೂತವನಿಗೆ ಹೊಳೆಯುವ ವಿಷಯವಲ್ಲ, ತರ್ಕ ಮಾಡಿದವನಿಗೆ ಸಿಗುವುದೂ ಅಲ್ಲ. ಗೊತ್ತಿದ್ದವರು ಗೊತ್ತಿಲ್ಲದವರಿಗೆ ಬಾಯಿಬಿಟ್ಟು ಹೇಳಲೇಬೇಕು. ಮೊದಲು ಹೇಳಿದವಳು ಮಗ್ದಲದ ಮರಿಯಳು. ತೋಟದಿಂದ ಶಿಷ್ಯರ ಬಳಿಗೆ ಹೋಗಿ, ನಾನು ಕರ್ತನನ್ನು ಕಂಡೆನೆಂದು ಆಕೆ ಹೇಳದೆ ಹೋಗಿದ್ದರೆ ಬಾಗಿಲು ಹಾಕಿಕೊಂಡು ಕೂತಿದ್ದವರಿಗೆ ತಿಳಿಯುತ್ತಲೇ ಇರಲಿಲ್ಲ. (ಹೆಣ್ಣುಮಕ್ಕಳು ಪೀಠ ಏರಬಾರದೆಂದು ವಾದಿಸುವವರು ಮರಿಯಳ ಈ ಕಥೆಯನ್ನು ಇನ್ನೊಮ್ಮೆ ಓದಲಿ. ನಿನ್ನ ಜೊತೆಗೆ ಓದಿದ ತಂಗಿಯರಿಗೂ ಈ ಪತ್ರ ತೋರಿಸು.)

ಪೌಲನು ರೋಮಾಪುರದವರಿಗೆ ಬರೆದ ಪತ್ರಿಕೆಯ ಹತ್ತನೆಯ ಅಧ್ಯಾಯದಲ್ಲಿ ಇದನ್ನೇ ಸರಪಳಿಯಂತೆ ಹೆಣೆದು ಕೇಳುತ್ತಾನೆ. ಜನ ದೇವರನ್ನು ಕೂಗಬೇಕಾದರೆ ನಂಬಬೇಕು, ನಂಬಬೇಕಾದರೆ ಕೇಳಿರಬೇಕು, ಕೇಳಬೇಕಾದರೆ ಹೇಳುವವರಿರಬೇಕು, ಹೇಳುವವರನ್ನು ಯಾರಾದರೂ ಕಳಿಸಿರಬೇಕು. ಅದೇ ಪತ್ರಿಕೆಯ ಮೊದಲ ಅಧ್ಯಾಯದಲ್ಲಿ ತಾನು ಗ್ರೀಕರಿಗೂ ಇತರರಿಗೂ, ತಿಳಿದವರಿಗೂ ತಿಳಿಯದವರಿಗೂ ಸಾಲಗಾರನೆಂದು ಹೇಳಿಕೊಂಡಿದ್ದಾನೆ. ಇಷ್ಟು ವರ್ಷ ನನ್ನನ್ನು ಕಾಡಿದ್ದು ಆ ಮಾತು. ಪ್ರಸಂಗ ಮಾಡುವವನು ಸಭೆಗೆ ಏನೋ ದಾನ ಕೊಡುತ್ತಿಲ್ಲ, ತನಗೆ ಸಿಕ್ಕಿದ್ದನ್ನು ಸಲ್ಲಬೇಕಾದವರಿಗೆ ಸಲ್ಲಿಸುತ್ತಿದ್ದಾನೆ. ಎದುರಿಗೆ ಬಂದು ಕೂತವರ ಋಣ ನಿನ್ನ ತಲೆಯ ಮೇಲಿದೆ.

ಆ ಕೂತವರು ಯಾರು ಎಂದು ನೋಡು. ನಾನಿದ್ದ ಒಂದು ಸಭೆಯಲ್ಲಿ ಓದು ಬಾರದ ಅಜ್ಜಿಯೊಬ್ಬರಿದ್ದರು. ಸತ್ಯವೇದವನ್ನು ಬಿಳಿ ಬಟ್ಟೆಯಲ್ಲಿ ಸುತ್ತಿ ಎದೆಗವಚಿಕೊಂಡು ಬರುತ್ತಿದ್ದರು. ಪಾಠ ಓದುವಾಗ ಪಕ್ಕದ ಹುಡುಗಿ ಪುಟ ತೆಗೆದುಕೊಡುವಳು. ಅಜ್ಜಿ ಸಾಲಿನ ಮೇಲೆ ಬೆರಳಿಟ್ಟುಕೊಂಡು ಕೇಳುವರು, ಬೆರಳು ಅಲ್ಲೇ ನಿಂತಿರುತ್ತಿತ್ತು. ಸೋಮವಾರ ಬೆಳಿಗ್ಗೆ ನಲ್ಲಿಯ ಹತ್ತಿರ ಕೊಡ ಇಟ್ಟುಕೊಂಡು, ಅಯ್ಯನವರು ಹೀಗಂದ್ರು, ಹಾಗಂದ್ರು ಎಂದು ಭಾನುವಾರದ ಪ್ರಸಂಗವನ್ನು ನಾಲ್ಕು ಮಂದಿಗೆ ಒಪ್ಪಿಸುತ್ತಿದ್ದರು. ಒಮ್ಮೆ ತಪ್ಪಿಹೋದ ಮಗನ ಸಾಮ್ಯದ ಮೇಲೆ ಪ್ರಸಂಗವಾಯಿತು. ಆರಾಧನೆ ಮುಗಿದ ಮೇಲೆ ಬಾಗಿಲಲ್ಲಿ ನನ್ನ ಕೈಹಿಡಿದು ಕೇಳಿದರು: “ಅಯ್ಯನವರೇ, ಆ ಹಿರೇಮಗ ಕಡೀಗೆ ಒಳಗ ಬಂದ್ನೋ, ಹೊರಗೇ ನಿಂತ್ನೋ?” ಲೂಕನು ಅದನ್ನು ಬರೆದಿಲ್ಲ. ಯೇಸುಸ್ವಾಮಿ ಕಥೆಯನ್ನು ಅಲ್ಲಿಗೇ ಬಿಟ್ಟಿದ್ದಾರೆ, ಕೇಳಿದವರೇ ಉತ್ತರ ಕೊಡಲಿ ಎಂದು. ದೊಡ್ಡ ವ್ಯಾಖ್ಯಾನಕಾರರು ಪುಟಗಟ್ಟಲೆ ಬರೆದದ್ದನ್ನು ಆ ಅಜ್ಜಿ ಒಂದು ಪ್ರಶ್ನೆಯಲ್ಲಿ ಹಿಡಿದಿದ್ದರು. ಅವರ ಮನೆಯಲ್ಲಿ ಇಬ್ಬರು ಮಕ್ಕಳು ಆಸ್ತಿಗಾಗಿ ಮಾತುಬಿಟ್ಟಿದ್ದರು ಎಂಬುದು ನನಗೆ ತಿಳಿದಿತ್ತು. ಅಂಥ ಕಿವಿಗಳು ನಿನ್ನ ಎದುರಿಗೂ ಇರುತ್ತವೆ. ಅಜ್ಜಿಗೆ ದೇವರ ವಾಕ್ಯ ಮುಟ್ಟಲು ಇದ್ದದ್ದು ಒಂದೇ ದಾರಿ, ಭಾನುವಾರದ ಆ ಇಪ್ಪತ್ತು ನಿಮಿಷ.

ಆದ್ದರಿಂದ ಮೊದಲ ಮಾತು: ವಾಕ್ಯವನ್ನು ಚೆನ್ನಾಗಿ ಓದು. ನೆಹೆಮೀಯನ ಗ್ರಂಥದ ಎಂಟನೆಯ ಅಧ್ಯಾಯದಲ್ಲಿ ಎಜ್ರನು ನೀರುಬಾಗಿಲಿನ ಎದುರಿನ ಬಯಲಿನಲ್ಲಿ ಮರದ ಪೀಠದ ಮೇಲೆ ನಿಂತು ಬೆಳಗಿನಿಂದ ಮಧ್ಯಾಹ್ನದವರೆಗೆ ಧರ್ಮಶಾಸ್ತ್ರ ಓದಿದನಂತೆ. ಗಂಡಸರು, ಹೆಂಗಸರು, ತಿಳಿಯಬಲ್ಲ ಮಕ್ಕಳು ಎಲ್ಲರೂ ನಿಂತು ಕೇಳಿದರು. ಲೇವಿಯರು ಜನರ ನಡುವೆ ನಿಂತು ಅರ್ಥ ಬಿಡಿಸಿ ಹೇಳಿದರು. ಅರ್ಥವಾದ ಮೇಲೆ ಜನ ಅತ್ತರು. ಅಳಬೇಡಿ, ಹೋಗಿ ಉಣ್ಣಿರಿ, ಮನೆಯಲ್ಲಿ ಏನೂ ಇಲ್ಲದವರಿಗೂ ಒಂದು ಪಾಲು ಕಳಿಸಿರಿ ಎಂದು ಅವರಿಗೆ ಹೇಳಲಾಯಿತು. ಪ್ರಸಂಗದ ಇಡೀ ಪಾಠ ಈ ಒಂದು ಅಧ್ಯಾಯದಲ್ಲಿದೆ ಎಂದು ನಾನು ನಂಬಿದ್ದೇನೆ. ಮೊದಲು ಓದು, ಆಮೇಲೆ ಅರ್ಥ, ಆಮೇಲೆ ಕಣ್ಣೀರು, ಕೊನೆಗೆ ಹಸಿದವನ ಮನೆಗೆ ಹೋಗುವ ಪಾಲು. ನಮ್ಮಲ್ಲಿ ಪಾಠ ಓದಲು ಯಾರನ್ನೋ ಕೊನೆ ಗಳಿಗೆಯಲ್ಲಿ ಎಬ್ಬಿಸುತ್ತೇವೆ. ಅವರು ಹೆಸರುಗಳಲ್ಲಿ ಎಡವುತ್ತಾ, ಮೈಕಿನಿಂದ ದೂರ ನಿಂತು ಓಡಿಸಿ ಮುಗಿಸುತ್ತಾರೆ. ನೀನು ಹಾಗಾಗಲು ಬಿಡಬೇಡ. ಓದುವವರಿಗೆ ಗುರುವಾರವೇ ಪಾಠ ತಿಳಿಸು, ಮನೆಯಲ್ಲಿ ಎರಡು ಸಲ ಗಟ್ಟಿಯಾಗಿ ಓದಿಕೊಂಡು ಬರಲು ಹೇಳು.

ಎರಡನೆಯದು, ವಿಷಯ ಹುಡುಕಿಕೊಂಡು ಆಮೇಲೆ ಅದಕ್ಕೊಂದು ವಚನ ಅಂಟಿಸಬೇಡ. ನಮ್ಮ ಸಿಎಸ್‌ಐ (ದಕ್ಷಿಣ ಭಾರತ ಸಭೆ) ಕ್ಯಾಲೆಂಡರಿನಲ್ಲಿ ಪ್ರತಿ ಭಾನುವಾರಕ್ಕೂ ಪಾಠಗಳು ಗೊತ್ತುಮಾಡಲ್ಪಟ್ಟಿವೆ. ಅವುಗಳಿಗೆ ಕಟ್ಟುಬಿದ್ದು ನಡೆ. ಸಿಟ್ಟು ಬಂದ ವಾರ ಸಿಟ್ಟಿನ ವಚನ, ದುಡ್ಡು ಬೇಕಾದ ವಾರ ಕಾಣಿಕೆಯ ವಚನ ಹುಡುಕುವ ಚಪಲದಿಂದ ಅದು ನಿನ್ನನ್ನು ಕಾಯುತ್ತದೆ. ಒಂದು ಪುಸ್ತಕವನ್ನು ಹಿಡಿದು ಮೊದಲಿನಿಂದ ಕೊನೆಯವರೆಗೆ ಬಿಡಿಸಿ ಹೇಳುವುದೂ ಹಳೆಯ ರೂಢಿಯೇ. ಜೂರಿಕ್ ನಗರದಲ್ಲಿ ಸುಧಾರಕ ಜ್ವಿಂಗ್ಲಿ 1519ರ ಜನವರಿ 1ರಂದು ಮತ್ತಾಯನ ಸುವಾರ್ತೆಯ ಮೊದಲ ಅಧ್ಯಾಯದಿಂದ ಆರಂಭಿಸಿ ಸಾಲಾಗಿ ಪ್ರಸಂಗ ಮಾಡುತ್ತಾ ಹೋದರು. ಆ ಊರಿನ ಸಭಾ ಸುಧಾರಣೆ ಬೆಳೆದದ್ದು ಆ ಪೀಠದಿಂದ. ಜಿನೀವಾದ ಕ್ಯಾಲ್ವಿನರ ಸಂಗತಿ ನನಗೆ ಇನ್ನೂ ಮೆಚ್ಚು. 1538ರಲ್ಲಿ ಊರಿನವರು ಅವರನ್ನು ಓಡಿಸಿದರು. ಮೂರು ವರ್ಷದ ಮೇಲೆ, 1541ರಲ್ಲಿ, ಅದೇ ಊರಿನವರು ಬೇಡಿಕೊಂಡು ಕರೆಸಿದರು. ಈಗ ಎಲ್ಲರಿಗೂ ಸರಿಯಾಗಿ ಬೀಳುತ್ತದೆ ಎಂದು ಜನ ಕಾದಿರಬೇಕು. ಅವರು ಪೀಠ ಹತ್ತಿ, ಹೋಗುವಾಗ ನಿಲ್ಲಿಸಿದ್ದ ಜಾಗದಿಂದಲೇ ಮುಂದುವರಿಸಿದರು. ತನ್ನ ಮಾನಾಪಮಾನಕ್ಕೆ ಪೀಠದ ಮೇಲೆ ಜಾಗವಿಲ್ಲ ಎಂಬುದನ್ನು ಇದಕ್ಕಿಂತ ಸ್ಪಷ್ಟವಾಗಿ ತೋರಿಸಲು ಬರುವುದಿಲ್ಲ. ನಿನಗೂ ಒಂದು ದಿನ ಕಮಿಟಿಯಲ್ಲಿ ಅವಮಾನವಾಗುತ್ತದೆ. ಮುಂದಿನ ಭಾನುವಾರ ಯಾವ ಪಾಠವಿದೆಯೋ ಅದನ್ನೇ ಓದಿ ಹೇಳು.

ಇನ್ನು ತಯಾರಿ. ಇಲ್ಲಿ ಸ್ವಲ್ಪ ಕಟುವಾಗಿ ಹೇಳುತ್ತೇನೆ, ಬೇಸರಪಡಬೇಡ. ಪವಿತ್ರಾತ್ಮನು ಆ ಗಳಿಗೆಗೆ ಮಾತು ಕೊಡುತ್ತಾನೆ ಎಂದು ಹೇಳಿ ಓದದೆ ಬರುವುದು ಭಕ್ತಿಯಲ್ಲ, ಸೋಮಾರಿತನ. ಆ ವಾಗ್ದಾನ ಕೊಟ್ಟದ್ದು ಹಿಡಿದು ನ್ಯಾಯಸಭೆಗೆ ಎಳೆದೊಯ್ಯಲ್ಪಟ್ಟವರಿಗೆ, ಶನಿವಾರ ಟಿವಿ ನೋಡಿದವರಿಗಲ್ಲ. ಮಾರ್ಟಿನ್ ಲೂಥರ್ ಕಿಂಗ್ ಅವರ ಜೀವನ ಓದಿದ್ದೀಯಲ್ಲ. 1955ರ ಡಿಸೆಂಬರ್ 5ರ ಸಂಜೆ ಅಮೆರಿಕದ ಮಾಂಟ್‌ಗೊಮರಿಯ ಹೋಲ್ಟ್ ಸ್ಟ್ರೀಟ್ ಬ್ಯಾಪ್ಟಿಸ್ಟ್ ಚರ್ಚಿನಲ್ಲಿ ಸಾವಿರಾರು ಜನ ಸೇರಿದ್ದರು. ಕರಿಯರು ಬಸ್ಸು ಬಹಿಷ್ಕರಿಸಿದ ಮೊದಲ ದಿನ ಅದು. ಕಿಂಗ್‌ಗೆ ಆಗ ಇಪ್ಪತ್ತಾರು ವರ್ಷ, ಹೆಚ್ಚುಕಡಿಮೆ ನಿನ್ನ ವಯಸ್ಸು. ಮಾತಿಗೆ ಸಿದ್ಧವಾಗಲು ಅವರಿಗೆ ಸಿಕ್ಕಿದ್ದು ಸುಮಾರು ಇಪ್ಪತ್ತು ನಿಮಿಷ. ಅಷ್ಟರಲ್ಲೇ ಅವರ ಬಾಯಲ್ಲಿ ಆಮೋಸನ ನ್ಯಾಯದ ಮಾತು ಬಂತು, ಯೇಸುವಿನ ಪ್ರೀತಿಯ ಮಾತೂ ಬಂತು. ಎಲ್ಲಿಂದ ಬಂತು? ಒಂದು ಭಾನುವಾರದ ಪ್ರಸಂಗಕ್ಕೆ ಅವರು ಸಾಮಾನ್ಯವಾಗಿ ಹದಿನೈದು ಗಂಟೆ ಕೂರುತ್ತಿದ್ದರು, ಅಲ್ಲಿಂದ ಬಂತು. ಹಗೇವಿನಲ್ಲಿ ಕಾಳಿದ್ದವನಿಗೆ ಬರಗಾಲದಲ್ಲೂ ಅಳೆದುಕೊಡಲು ಬರುತ್ತದೆ. ಹದಿನೈದು ಗಂಟೆ ನಿನಗೆ ಸಿಗಲಾರದು. ಎಂಟು ಗಂಟೆಯಾದರೂ ವಾರದ ಮೇಲೆ ಹಂಚಿ ತೆಗೆದಿಡು. ಸೋಮವಾರ ಪಾಠವನ್ನು ಕನ್ನಡದಲ್ಲಿ ನಾಲ್ಕು ಸಲ ಓದು, ಮಂಗಳವಾರ ಮೂಲಭಾಷೆಯಲ್ಲಿ ನಿನಗೆ ತಿಳಿದಷ್ಟು ನೋಡು, ವ್ಯಾಖ್ಯಾನದ ಪುಸ್ತಕ ಗುರುವಾರಕ್ಕಿಂತ ಮುಂಚೆ ತೆಗೆಯಬೇಡ. ಬೇರೆಯವರು ಕಂಡದ್ದನ್ನು ಮೊದಲೇ ಓದಿದರೆ ನಿನ್ನ ಕಣ್ಣಿಗೆ ಏನೂ ಬೀಳುವುದಿಲ್ಲ. ಶುಕ್ರವಾರ ಕೈಯಿಂದ ಬರೆ. ಬರೆದದ್ದನ್ನು ಗಟ್ಟಿಯಾಗಿ ಓದಿ, ನಾಲಿಗೆ ತಡವರಿಸಿದಲ್ಲೆಲ್ಲ ಹೊಡೆದುಹಾಕು.

ಯೂಟ್ಯೂಬಿನಲ್ಲಿ ಸಿಕ್ಕಿದ ಪ್ರಸಂಗವನ್ನು ಕೇಳಿ ಅದನ್ನೇ ಒಪ್ಪಿಸುವುದು ಈಗ ಎಲ್ಲ ಕಡೆ ನಡೆದಿದೆ. ಟೆಕ್ಸಾಸಿನ ಯಾವುದೋ ದೊಡ್ಡ ಸಭಾಭವನದಲ್ಲಿ, ಎರಡು ಕಾರಿನ ಮನೆಯವರಿಗೆ ಹೇಳಿದ ಮಾತು ಗದಗ-ಬೆಟಗೇರಿಯ ನೇಕಾರನಿಗೆ ಹತ್ತುವುದಿಲ್ಲ. ಅದರಲ್ಲಿ ಬರುವ ಉದಾಹರಣೆ, ಹಾಸ್ಯ, ಬೇಸ್‌ಬಾಲ್ ಆಟ ಯಾವುದೂ ಅವನದಲ್ಲ. ಇಂಗ್ಲಿಷಿನಲ್ಲಿ ಯೋಚಿಸಿ ಕನ್ನಡಕ್ಕೆ ತಿರುಗಿಸಿದ ಪ್ರಸಂಗ ಮೊದಲ ವಾಕ್ಯದಲ್ಲೇ ಗೊತ್ತಾಗಿಬಿಡುತ್ತದೆ. ಸಭೆಯವರು ಸಭ್ಯರು, ಹೇಳುವುದಿಲ್ಲ.

ಭಾಷೆಯ ವಿಷಯ ಬಂದಿತಲ್ಲ, ನಿಂತು ಹೇಳುತ್ತೇನೆ. ಕನ್ನಡದಲ್ಲಿ ಸುವಾರ್ತೆ ಹೇಳಲು ನಮ್ಮ ಹಿಂದಿನವರು ಪಟ್ಟ ಪಾಡು ನಿನಗೆ ಗೊತ್ತಿರಬೇಕು. ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ 1810ರಲ್ಲಿ ಬಳ್ಳಾರಿಗೆ ಬಂದು, ಜನರ ಬಾಯಿಂದ ಕನ್ನಡ ಕಲಿತು, ಸತ್ಯವೇದದ ಅನುವಾದಕ್ಕೆ ವರ್ಷಗಟ್ಟಲೆ ಕೂತರು. 1834ರಲ್ಲಿ ಬಾಸೆಲ್ ಮಿಷನ್ನಿನ ಹೆಬಿಕ್, ಲೆಹ್ನರ್, ಗ್ರೈನರ್ ಮಂಗಳೂರಿಗೆ ಬಂದರು. ಎರಡು ವರ್ಷದ ಮೇಲೆ ಬಂದ ಮೊಗ್ಲಿಂಗ್, ಕನ್ನಡಿಗರ ಮನಸ್ಸು ತಿಳಿಯಬೇಕಾದರೆ ಕನ್ನಡಿಗರು ಹಾಡುವುದನ್ನು ತಿಳಿಯಬೇಕೆಂದು ಅರಿತವರು. ಹರಿದಾಸರ ಪದಗಳನ್ನು ಕಲೆಹಾಕಿ ಅಚ್ಚು ಹಾಕಿಸಿದರು, 1843ರಲ್ಲಿ ‘ಮಂಗಳೂರ ಸಮಾಚಾರ’ ಹೊರಡಿಸಿದರು. 1853ರಲ್ಲಿ ಬಂದ ಕಿಟ್ಟೆಲ್ ಯೇಸುವಿನ ಚರಿತ್ರೆಯನ್ನು ಕನ್ನಡ ಛಂದಸ್ಸಿಗೆ ತಂದು ‘ಕಥಾಮಾಲೆ’ ಬರೆದರು. 1894ರಲ್ಲಿ ಹೊರಬಂದ ಅವರ ನಿಘಂಟು ಇಂದಿಗೂ ಕನ್ನಡ ಪಂಡಿತರ ಮೇಜಿನ ಮೇಲಿದೆ. ದೂರದ ದೇಶಗಳಲ್ಲಿ ಹುಟ್ಟಿದವರು ನಮ್ಮ ಮಾತನ್ನು ಇಷ್ಟು ಆಸ್ಥೆಯಿಂದ ಕಲಿತರು. ಇಲ್ಲೇ ಹುಟ್ಟಿ ಬೆಳೆದ ನಾವು ಪೀಠದ ಮೇಲೆ ಅರ್ಧ ಇಂಗ್ಲಿಷು, ಅರ್ಧ ಯಾರೂ ಆಡದ ಪುಸ್ತಕದ ಕನ್ನಡ ಸುರಿಯುತ್ತಿದ್ದೇವೆ. ಇದು ನನಗೆ ನಿಜಕ್ಕೂ ನೋವಿನ ವಿಷಯ.

ಕೃಪೆ, ನೀತಿವಂತಿಕೆ, ಪ್ರಾಯಶ್ಚಿತ್ತ ಎಂಬ ಶಬ್ದಗಳು ನಮ್ಮ ಜನರಿಗೆ ಬಾಯಿಪಾಠ. ಬಿಡಿಸಿ ಹೇಳೆಂದರೆ ತಡವರಿಸುತ್ತಾರೆ. ಅವುಗಳನ್ನು ಬಿಡಬೇಡ, ಆದರೆ ಪ್ರತಿ ಸಲ ಕೈಗೆ ಸಿಗುವ ಹಾಗೆ ಬಿಡಿಸು. ಕೃಪೆ ಎಂದರೇನೆಂದು ಹೇಳಲು ಜಕ್ಕಾಯನ ಕಥೆ ಇದೆಯಲ್ಲ. ಅವನು ಕದ್ದದ್ದನ್ನು ವಾಪಸು ಕೊಟ್ಟ ಮೇಲೆ ಯೇಸು ಮನೆಗೆ ಬಂದದ್ದಲ್ಲ, ಮರದಿಂದ ಇಳಿ, ಇವತ್ತು ನಿನ್ನ ಮನೆಯಲ್ಲೇ ಇರುತ್ತೇನೆ ಎಂದು ಮೊದಲೇ ಹೇಳಿದರು. ಅರ್ಧ ಆಸ್ತಿ ಬಡವರಿಗೆ ಹೋದದ್ದು ಆಮೇಲೆ. ಈ ಹಿಂದುಮುಂದನ್ನು ನಿಧಾನವಾಗಿ ಹೇಳಿದರೆ ಶಾಲೆಯ ಹುಡುಗನಿಗೂ ತಿಳಿಯುತ್ತದೆ. ನಮ್ಮ ಜನ ಹರಿಕಥೆ ಕೇಳಿದವರು, ಪುರಾಣ ಕೇಳಿದವರು, ಮಠದ ಪ್ರವಚನ ಕೇಳುತ್ತಾ ಬೆಳೆದವರು. ಒಳ್ಳೆಯ ಮಾತು ಯಾವುದು, ಬರಿ ಗಂಟಲು ಯಾವುದು ಎಂದು ಅವರ ಕಿವಿಗೆ ಚೆನ್ನಾಗಿ ಗೊತ್ತು.

ಆ ಕಿವಿಯವರ ಮನೆಗೆ ವಾರದಲ್ಲಿ ಹೋಗಿ ಬಾ. ರಾತ್ರಿ ಪಾಳಿ ಮುಗಿಸಿ ನಿದ್ದೆಗಣ್ಣಿನಲ್ಲಿ ಆರಾಧನೆಗೆ ಬರುವ ನರ್ಸಮ್ಮ, ಸಾಲದ ಕಂತು ತಪ್ಪಿಸಿಕೊಂಡು ತಲೆಮರೆಸಿ ಓಡಾಡುವ ಆಟೋದವನು, ಮಗಳ ಮದುವೆ ಮುರಿದು ಹೊರಗೆ ಮುಖ ತೋರಿಸದ ತಾಯಿ, ಇವರ ಅಡುಗೆಮನೆಯಲ್ಲಿ ಕೂತು ಚಹಾ ಕುಡಿದವನಿಗೆ ಪೀಠದ ಮೇಲೆ ಯಾರೊಡನೆ ಮಾತಾಡುತ್ತಿದ್ದೇನೆಂದು ತಿಳಿದಿರುತ್ತದೆ. ಅವರು ನಿನಗೆ ಹೇಳಿದ ಗುಟ್ಟು ಮಾತ್ರ ಎಂದೂ ಪ್ರಸಂಗದಲ್ಲಿ ಬರಕೂಡದು, ಹೆಸರು ಬಿಟ್ಟರೂ ಬರಕೂಡದು. ಕಾರ್ಲ್ ಬಾರ್ತ್ ಸಂಪುಟಗಟ್ಟಲೆ ದೇವಶಾಸ್ತ್ರ ಬರೆದ ಪ್ರೊಫೆಸರ್. ನಮ್ಮ ಮಿಷನರಿಗಳು ಹೊರಟುಬಂದ ಅದೇ ಬಾಸೆಲ್ ಊರಿನವರು. 1954ರಿಂದ ಹತ್ತು ವರ್ಷ ಅವರು ಹೆಚ್ಚಾಗಿ ಪ್ರಸಂಗ ಮಾಡಿದ್ದು ಆ ಊರಿನ ಜೈಲಿನ ಕೈದಿಗಳಿಗೆ. ಆ ಪ್ರಸಂಗಗಳು ಅಚ್ಚಾಗಿವೆ, ಸಿಕ್ಕರೆ ಓದು. ಅಷ್ಟು ದೊಡ್ಡ ವಿದ್ವಾಂಸ ಎಷ್ಟು ಸಣ್ಣ ವಾಕ್ಯಗಳಲ್ಲಿ ಮಾತಾಡಿದ್ದಾರೆಂದು ತಿಳಿಯುತ್ತದೆ.

ಸತ್ಯ ಹೇಳುವ ಧೈರ್ಯವೂ ಪ್ರಸಂಗದ ಒಂದು ಅಂಗ. ದಾವೀದ ಅರಸನ ಎದುರು ನಾತಾನನು ಬಡವನ ಕುರಿಮರಿಯ ಕಥೆ ಹೇಳಿ, ಆ ಮನುಷ್ಯ ನೀನೇ ಎಂದು ತೋರಿಸಿಕೊಟ್ಟ. ಕುರಿಗಾಹಿ ಆಮೋಸನನ್ನು ಬೇತೇಲಿನ ಯಾಜಕ ಅಮಚ್ಯನು, ಇದು ಅರಸನ ಪವಿತ್ರಸ್ಥಾನ, ನಿನ್ನ ಊರಿಗೆ ಹೋಗು ಎಂದು ಅಟ್ಟಿದ. ಜಾತಿ ನೋಡಿ ಬೆಂಚು ಹಿಡಿಯುವ ಸಭೆಯಲ್ಲಿ, ವರದಕ್ಷಿಣೆ ತಕ್ಕೊಂಡು ಚರ್ಚಿನಲ್ಲೇ ಮದುವೆಯಾಗುವ ಸಭೆಯಲ್ಲಿ, ಕುಡಿದು ಹೆಂಡತಿಗೆ ಹೊಡೆಯುವವನು ಕಾಣಿಕೆ ತಟ್ಟೆ ಹಿಡಿಯುವ ಸಭೆಯಲ್ಲಿ ನೀನು ಆಕಾಶದ ಮಾತನ್ನಷ್ಟೇ ಆಡಿಕೊಂಡಿದ್ದರೆ ಅದೂ ಸುಳ್ಳೇ. ಆದರೆ ಡಯಾಸಿಸ್ ಚುನಾವಣೆಯ ಜಗಳ, ನಿನ್ನ ಗುಂಪಿನ ಸಿಟ್ಟು ಪೀಠ ಹತ್ತಬಾರದು. ಅಲ್ಲಿ ನಿನಗೆ ಎದುರುತ್ತರ ಕೊಡುವವರಿಲ್ಲ. ಉತ್ತರ ಕೊಡಲಾಗದವರನ್ನು ಹೊಡೆಯುವುದು ಪ್ರವಾದಿಯ ಕೆಲಸವಲ್ಲ. 1522ರ ಮಾರ್ಚಿನಲ್ಲಿ ವಿಟ್ಟೆನ್‌ಬರ್ಗ್ ಊರು ಗಲಭೆಯಲ್ಲಿತ್ತು, ಸುಧಾರಣೆಯ ಹೆಸರಿನಲ್ಲಿ ಜನ ಗುಡಿಯ ವಿಗ್ರಹಗಳನ್ನು ಒಡೆಯುತ್ತಿದ್ದರು. ಅಡಗಿದ್ದ ಕೋಟೆಯಿಂದ ಜೀವದ ಹಂಗುತೊರೆದು ಬಂದ ಸುಧಾರಕ ಮಾರ್ಟಿನ್ ಲೂಥರ್ ಎಂಟು ದಿನ ಬೆನ್ನುಬೆನ್ನಿಗೆ ಎಂಟು ಪ್ರಸಂಗ ಮಾಡಿದರು. ಬಲವಂತದಿಂದ ಯಾರನ್ನೂ ನಂಬಿಸಲಾಗದು, ಬಲಹೀನರಿಗಾಗಿ ಕಾಯುವುದೂ ಪ್ರೀತಿಯೇ ಎಂದು ತಿಳಿಹೇಳಿದರು. ಊರು ತಣ್ಣಗಾಯಿತು. ಸೈನಿಕರು ಬರಬೇಕಾಗಲಿಲ್ಲ.

ಚಪ್ಪಾಳೆಯ ಬಗ್ಗೆ ಎಚ್ಚರ. ಅಂತಿಯೋಕ್ಯದ ಯೋಹಾನ ಕ್ರಿಸೊಸ್ಟೊಮ್ ಚಿನ್ನದ ಬಾಯಿಯವನೆಂದೇ ಹೆಸರಾದವರು. 387ರಲ್ಲಿ ತೆರಿಗೆಯ ಸಿಟ್ಟಿಗೆ ಆ ಊರಿನವರು ಚಕ್ರವರ್ತಿಯ ಪ್ರತಿಮೆಗಳನ್ನು ಉರುಳಿಸಿದರು. ಊರಿಗೆ ಊರೇ ನಾಶವಾಗುತ್ತದೆಂದು ಜನ ನಡುಗುತ್ತಿದ್ದಾಗ, ವೃದ್ಧ ಬಿಷಪ್ ಫ್ಲೇವಿಯನ್ ಕ್ಷಮೆ ಬೇಡಲು ಕಾನ್‌ಸ್ಟಾಂಟಿನೋಪಲಿಗೆ ಹೋದರು. ಲೆಂಟ್ ಕಾಲದುದ್ದಕ್ಕೂ ಕ್ರಿಸೊಸ್ಟೊಮ್ ಪ್ರಸಂಗ ಮಾಡಿ ಜನರಿಗೆ ಧೈರ್ಯ ತುಂಬಿದರು, ತಪ್ಪನ್ನೂ ತೋರಿಸಿದರು. ಜನ ಚಪ್ಪಾಳೆ ತಟ್ಟಿದರೆ ಅವರು ಗದರುತ್ತಿದ್ದರು. ಮೆಚ್ಚಿ ಮನೆಗೆ ಹೋಗಿ ಏನೂ ಮಾಡದಿದ್ದರೆ ಪ್ರಯೋಜನವೇನೆಂದು ಕೇಳುತ್ತಿದ್ದರು. ಅದೇ 387ರ ಈಸ್ಟರಿನಲ್ಲಿ ಮಿಲಾನಿನಲ್ಲಿ ಅಗಸ್ಟೀನ್ ದೀಕ್ಷಾಸ್ನಾನ ಪಡೆದರು. ಅವರು ಅಲ್ಲಿನ ಬಿಷಪ್ ಅಂಬ್ರೋಸರ ಪ್ರಸಂಗಕ್ಕೆ ಮೊದಮೊದಲು ಹೋದದ್ದು ಮಾತಿನ ಸೊಗಸಿಗೆ. ಸೊಗಸಿನ ಜೊತೆಗೆ ಒಳಗಿನ ಅರ್ಥವೂ ತಿಳಿಯದಂತೆ ಹೊಕ್ಕಿತೆಂದು ಅವರೇ ಬರೆದುಕೊಂಡಿದ್ದಾರೆ. ಮುಂದೆ ಪ್ರಸಂಗಕಲೆಯ ಬಗ್ಗೆ ಬರೆದಾಗ, ಎಂಥ ದೊಡ್ಡ ಮಾತಿಗಿಂತಲೂ ಹೇಳುವವನ ಬಾಳ್ವೆಗೆ ಹೆಚ್ಚು ತೂಕ ಎಂದರು. ಸೊಗಸು ಬೇಡವೆಂದು ನಾನು ಹೇಳುವುದಿಲ್ಲ. ನಿನ್ನ ಪಕ್ಕದ ಮನೆಯವರು ನಿನ್ನನ್ನು ನೋಡುತ್ತಿದ್ದಾರೆ, ಅಷ್ಟು ನೆನಪಿರಲಿ.

ವಾಗ್ದಾನಗಳನ್ನು ಮಾರಬೇಡ. ಈ ವರ್ಷ ನಿಮಗೆ ಮನೆ, ಮುಂದಿನ ವರ್ಷ ವಿದೇಶ, ಇಷ್ಟು ಕಾಣಿಕೆಗೆ ಇಷ್ಟು ಆಶೀರ್ವಾದ ಎಂದು ಹೇಳಿ ಹಾಲ್ ತುಂಬಿಸುವವರು ನಿನ್ನ ಊರಿನಲ್ಲೂ ಇರುತ್ತಾರೆ. ನಿನ್ನ ಸಭೆಯ ನಾಲ್ಕು ಮನೆಯವರು ಅಲ್ಲಿಗೆ ಹೋಗಲೂಬಹುದು. ಹೋಗಲಿ. ಕ್ಯಾನ್ಸರ್ ವಾಸಿಯಾಗುತ್ತದೆಂದು ನಂಬಿ ಔಷಧ ಬಿಟ್ಟವರ ಮಣ್ಣಿನಲ್ಲಿ ನಿಲ್ಲಬೇಕಾದವನು ನೀನೇ. ಆ ದಿನ ನಾಚಿಕೆಯಿಲ್ಲದೆ ಅವರ ಮಕ್ಕಳ ಮುಖ ನೋಡುವಂತೆ ಇಂದಿನ ಪ್ರಸಂಗ ಇರಲಿ.

ಬೇರೆ ಧರ್ಮದವರ ದೇವರನ್ನು ಹಳಿದು ಪ್ರಸಂಗ ಮಾಡುವುದು ಬೇಡವೇ ಬೇಡ. ಅಥೇನೆಯಲ್ಲಿ ಪೌಲನು ಅವರ ಬಲಿಪೀಠವನ್ನು, ಅವರ ಕವಿಗಳ ಮಾತನ್ನು ಹಿಡಿದೇ ಮಾತು ಆರಂಭಿಸಿದ. ನಿನ್ನ ಮೈಕಿನ ಸದ್ದು ಗೋಡೆಯಾಚೆ ಹೋಗುತ್ತದೆ. ಅಲ್ಲಿ ಪೂಜೆ ಮುಗಿಸಿ ಕೂತ ನೆರೆಯವನು, ಇವರು ಯೇಸುವಿನ ಬಗ್ಗೆ ಏನು ಹೇಳುತ್ತಾರೆ ಎಂದು ಕಿವಿಗೊಟ್ಟರೆ ಅವನಿಗೆ ಯೇಸುವೇ ಕೇಳಿಸಬೇಕು, ತನ್ನ ತಾಯಿತಂದೆಯ ನಿಂದೆಯಲ್ಲ.

ಉದ್ದದ ಬಗ್ಗೆ ಹೆಚ್ಚು ಹೇಳುವುದಿಲ್ಲ. ತ್ರೋವದಲ್ಲಿ ಪೌಲನ ಮಾತು ಮಧ್ಯರಾತ್ರಿಯವರೆಗೆ ಬೆಳೆದು, ಕಿಟಕಿಯಲ್ಲಿ ಕೂತಿದ್ದ ಯೂತಿಖನೆಂಬ ಹುಡುಗ ತೂಕಡಿಸಿ ಮೂರನೆಯ ಅಂತಸ್ತಿನಿಂದ ಕೆಳಗೆ ಬಿದ್ದ. ಲೂಕನು ಅದನ್ನು ಮುಚ್ಚಿಡದೆ ಬರೆದಿದ್ದಾನೆ. ಇಪ್ಪತ್ತು ನಿಮಿಷ ಸಾಕು. ಮಣ್ಣಿನ ದಿನವಂತೂ ಏಳೆಂಟು ನಿಮಿಷ. ಹೋದವರನ್ನು ಹೊಗಳಲು ಅವರ ಮನೆಯವರು ಇದ್ದಾರೆ, ನೀನು ಪುನರುತ್ಥಾನದ ಮಾತು ಹೇಳು. ಅದನ್ನು ಹೇಳಲು ಅಲ್ಲಿ ಇನ್ನಾರಿಗೂ ಬಾಯಿ ಬರುವುದಿಲ್ಲ.

ಜನ ಕಡಿಮೆಯೆಂದು ಎಂದೂ ತಯಾರಿ ಕಡಿಮೆ ಮಾಡಬೇಡ. 1850ರ ಜನವರಿಯ ಒಂದು ಭಾನುವಾರ ಇಂಗ್ಲೆಂಡಿನ ಕಾಲ್ಚೆಸ್ಟರಿನಲ್ಲಿ ಹಿಮ ಸುರಿಯುತ್ತಿತ್ತು. ಹದಿನೈದು ವರ್ಷದ ಹುಡುಗನೊಬ್ಬ ತಾನು ಹೊರಟಿದ್ದ ಚರ್ಚು ತಲುಪಲಾರದೆ ಓಣಿಯ ಸಣ್ಣ ಮೆಥಡಿಸ್ಟ್ ಗುಡಿಗೆ ಹೊಕ್ಕ. ಒಳಗೆ ಹತ್ತು ಹದಿನೈದು ಮಂದಿ. ಪ್ರಸಂಗಕ್ಕೆ ಬರಬೇಕಾದವರು ಹಿಮದಿಂದಾಗಿ ಬಂದಿರಲಿಲ್ಲ. ಹೆಚ್ಚು ಓದಿಲ್ಲದ, ತೆಳ್ಳಗಿನ ಒಬ್ಬ ಮನುಷ್ಯ ಎದ್ದು ನಿಂತು, ಯೆಶಾಯನ 45ನೆಯ ಅಧ್ಯಾಯದಿಂದ, ಭೂಮಿಯ ಕಟ್ಟಕಡೆಯವರೂ ದೇವರ ಕಡೆ ನೋಡಿ ಉದ್ಧಾರವಾಗಲೆಂಬ ವಚನ ಓದಿದ. ಹೇಳಲು ಹೆಚ್ಚೇನೂ ಇರಲಿಲ್ಲವಾದ್ದರಿಂದ ಅದನ್ನೇ ಮತ್ತೆ ಮತ್ತೆ ಹೇಳಿದ. ಮೂಲೆಯಲ್ಲಿ ಕೂತ ಹುಡುಗನನ್ನು ನೋಡಿ, ತಮ್ಮಾ, ನೀನೂ ನೋಡು ಎಂದ. ಆ ಹುಡುಗ ಸ್ಪರ್ಜನ್. ಮುಂದೆ ಲಂಡನ್ನಿನಲ್ಲಿ ಭಾನುವಾರಕ್ಕೆ ಸಾವಿರಾರು ಜನ ಅವರ ಪ್ರಸಂಗ ಕೇಳಿದರು. ಅವತ್ತು ಎದ್ದು ನಿಂತವನು ಯಾರೆಂದು ಖಚಿತವಾಗಿ ಯಾರಿಗೂ ಗೊತ್ತಾಗಲಿಲ್ಲ.

ನೀನು ಹೋಗುವ ಸಭೆಯಲ್ಲಿ ನಲವತ್ತು ಮನೆಗಳಿವೆಯಂತೆ. ಹೋಗುವ ಮೊದಲೇ ಅವರ ಹೆಸರಿನ ಪಟ್ಟಿ ತರಿಸಿಕೋ, ಒಬ್ಬೊಬ್ಬರಿಗಾಗಿ ಹೆಸರು ಹಿಡಿದು ಪ್ರಾರ್ಥಿಸು. ಮಾರ್ಕನ ಸುವಾರ್ತೆ ತೆಗೆದು ಹದಿನಾರು ಅಧ್ಯಾಯವನ್ನೂ ಒಂದೇ ದಿನ ಕೂತು ಓದು. ಮನಸ್ಸಿನಲ್ಲಿ ಬೇಡ, ನಿನ್ನ ತಾಯಿಗೆ ಕೇಳಿಸುವಂತೆ ಗಟ್ಟಿಯಾಗಿ ಓದು. ಅವರು ಎಲ್ಲಿ ತಡೆದು ಪ್ರಶ್ನೆ ಕೇಳುತ್ತಾರೋ ಆ ಜಾಗಕ್ಕೆ ಪೆನ್ಸಿಲಿನ ಗುರುತು ಹಾಕಿಕೋ. ನಿನ್ನ ಮೊದಲ ಪ್ರಸಂಗ ಅಲ್ಲಿಂದ ಶುರುವಾಗಲಿ.